ಹುಲ್ಲು ಹೊಡೆಯುವ ಮೂವರ್‌ನ ಕಾರ್ಬೊರೇಟರ್ ಬಿಚ್ಚುವ ಕೆಲಸ ನಿಂತಿದ್ದು ಹೀಗೆ

ನಂದಿ ಬೆಟ್ಟದ ಸುತ್ತಮುತ್ತ ಫಾರ್ಮ್‌ಹೌಸ್‌ಗಳಲ್ಲಿ ಹುಲ್ಲು ಹೊಡೆಯುವ ಕಾಂಟ್ರಾಕ್ಟ್ ನಮ್ಮದು. ಹೋದ ಎರಡು ಮಳೆಗಾಲದಲ್ಲಿ ನಮ್ಮ ಪೆಟ್ರೋಲ್ ಮೂವರ್‌ಗಳ (ಹುಲ್ಲು ಹೊಡೆಯುವ ಮಿಷನ್) ಕಾರ್ಬೊರೇಟರ್, ಅಂದರೆ ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ, ಒಂದನ್ನೂ ಬಿಚ್ಚಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ಮುಚ್ಚಿ ಕಾರ್ಬೊರೇಟರ್ ಬರಿದು ಮಾಡಿ ಇಡುತ್ತೇನೆ ಅಂದಾಗ, "ಕಾಕ್ ಮುಚ್ಚಿದ್ರೆ ಸರಿಹೋಗೋ ಹಾಗಿದ್ರೆ ನಾವ್ಯಾಕೆ ಅಂಗಡಿ ಇಟ್ಕೊಂಡಿರ್ತಿದ್ವಿ ಗುರು" ಅಂತ ನಕ್ಕ ಮೆಕ್ಯಾನಿಕ್‌ಗಳೇ ಈಗ ಏನು ಮಾಡಿದೆ ಅಂತ ಕೇಳುತ್ತಿದ್ದಾರೆ.

ನಮ್ಮ ಕಡೆ ತೊಂದರೆ ಹುಟ್ಟುವುದೇ ಬೇಸಿಗೆಯಲ್ಲಿ. ಫೆಬ್ರವರಿ ಕಳೆದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ನೀರನ್ನು ಹುಲ್ಲಿಗೆ ಯಾರು ಬಿಡುತ್ತಾರೆ? ಮಿಷನ್ ತಗಡಿನ ಶೆಡ್ಡಿನಲ್ಲಿ ಮೇ ತನಕ ಸುಮ್ನೆ ಕೂರುತ್ತದೆ. ಮಳೆ ಬಿದ್ದ ವಾರಕ್ಕೆ ಎಲ್ಲರ ಫೋನೂ ಒಟ್ಟಿಗೆ ಬರುತ್ತದೆ. ಆಗ ಹಗ್ಗ ಎಳೆದರೆ ಚೋಕ್ ಇರುವಷ್ಟು ಹೊತ್ತು ಓಡುತ್ತದೆ, ಚೋಕ್ ತೆಗೆದರೆ ಹಂಟಿಂಗ್, ಅಂದರೆ ಎಂಜಿನ್ ವೇಗ ಏರುತ್ತಾ ಇಳಿಯುತ್ತಾ ಇರುತ್ತದೆ. ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಬೌಲ್, ಇಳಿಸಿ ನೋಡಿದರೆ ತಳದಲ್ಲಿ ಬಿಳಿ ಪುಡಿ, ಮೇಲೆ ಜಿಡ್ಡು, ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತಿನ ಸುತ್ತ ಹಸಿರು ಕಿಲುಬು.

ಇದಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಒಂದು ಸಲ ಕ್ಲೀನ್ ಮಾಡಿಸಿದರೆ 350–400. ಡೂಪ್ಲಿಕೇಟ್ ಕಾರ್ಬೊರೇಟರ್ 900ರ ಆಸುಪಾಸು. ಹಾಕಿದ ದಿನ ಚೆನ್ನಾಗಿ ಓಡುತ್ತದೆ, ಆದರೆ ಪೆಟ್ರೋಲ್ ಕುಡಿಯುತ್ತದೆ, ಮುಂದಿನ ಜೂನ್‌ಗೆ ಮತ್ತೆ ಅದೇ ಕಥೆ. ಒರಿಜಿನಲ್ ಕೇಳಿದರೆ 4,000ದ ಹತ್ತಿರ ಹೇಳುತ್ತಾರೆ. ಒಂದು ವರ್ಷವಂತೂ ಎಲ್ಲ ಸೇರಿ ಸುಮಾರು 15,000 ಹೋಯಿತು. ಒಂದು ಒಳ್ಳೆ ಗಿರಾಕಿಯೂ ಕೈತಪ್ಪಿದರು.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಮೂವರ್ ಜೊತೆ ಬಂದ ಪುಸ್ತಕ ಶೇ 10ಕ್ಕಿಂತ ಜಾಸ್ತಿ ಬೇಡ ಅನ್ನುತ್ತದೆ. ಅನುಮಾನ ಬಂದು ಅಳತೆ ಕೊಳವೆಯಲ್ಲಿ 100 ಮಿ.ಲೀ. ಪೆಟ್ರೋಲ್‌ಗೆ 10 ಮಿ.ಲೀ. ಬಣ್ಣದ ನೀರು ಹಾಕಿ ಕುಲುಕಿ ಇಟ್ಟೆ. ತಳದ ನೀರು 10ರಿಂದ 30ರ ಹತ್ತಿರ ಏರಿತು! ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಕೆಳಗೆ ಇಳಿದಿತ್ತು. ಶೆಡ್ಡು ಹಗಲು ಕಾದು ರಾತ್ರಿ ತಣಿಯುವಾಗ ಅರ್ಧ ಖಾಲಿ ಟ್ಯಾಂಕ್ ತೇವ ಎಳೆಯುತ್ತದೆ. ಅದೆಲ್ಲ ಸೇರುವುದು ಬೌಲಿನ ತಳಕ್ಕೇ.

ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾಡಿದವರು ಉಪಯೋಗ ಇಲ್ಲ ಅಂತ ಬಿಟ್ಟಿದ್ದಾರೆ. ಯಾಕೆಂದರೆ ಎಂಜಿನ್ ನಿಂತಿತು ಅಂದರೆ ಬೌಲ್ ಖಾಲಿ ಅಂತಲ್ಲ. ಜೆಟ್ಟಿಗೆ ಎಟುಕದ ಒಂದು ಚಮಚದಷ್ಟು ತಳದಲ್ಲಿ ಉಳಿದಿರುತ್ತದೆ. ಆ ಚಮಚವೇ ಕೆಟ್ಟದ್ದು, ನೀರು ಇರುವುದೇ ಅದರಲ್ಲಿ. ಎಂಜಿನ್ ನಿಂತು ಆರಿದ ಮೇಲೆ ಬೌಲ್ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಅದನ್ನು ಬೀಳಿಸುತ್ತೇನೆ. ನಮ್ಮದಕ್ಕೆ 10ರ ಸ್ಪ್ಯಾನರ್ ಸಾಕು. ಸ್ಟೀಲ್ ಲೋಟಕ್ಕೆ ಹಿಡಿದು ನೋಡಿ, ತಳದಲ್ಲಿ ಗುಂಡು ಗುಂಡಾಗಿ ನೀರಿನ ಹನಿ ಓಡಾಡುತ್ತದೆ. ವಾಷರ್ ಹಳೆಯದಾದರೆ ಜಿನುಗುತ್ತದೆ, 5 ರೂಪಾಯಿಗೆ ಹೊಸದು ಹಾಕಿ. ಸೀಸನ್‌ನಲ್ಲಿ ವಾರಕ್ಕೊಮ್ಮೆ, ಬೇಸಿಗೆಗೆ ನಿಲ್ಲಿಸುವ ಮುಂಚೆ ಟ್ಯಾಂಕೂ ಬರಿದು ಮಾಡಿ ಒಂದು ಸಲ. ನಿಲ್ಲಿಸುವ ಮುಂಚಿನ ಕೊನೆ ಟ್ಯಾಂಕಿಗೆ ಒಂದು ಎಣ್ಣೆ ಸ್ವಲ್ಪ ಸೇರಿಸುತ್ತೇನೆ. ಯಾವುದು, ಎಷ್ಟು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು ಅಲ್ವಾ.

ಪೆಟ್ರೋಲ್ ಪೈಪಿಗೆ ಬೈಕಿನ 30 ರೂಪಾಯಿ ಫಿಲ್ಟರ್ ಹಾಕಿದ್ದೇನೆ. ಫಿಲ್ಟರನ್ನು ಅಡ್ಡ ಮಲಗಿಸಿದರೆ ಟ್ಯಾಂಕ್ ಅರ್ಧಕ್ಕೆ ಇಳಿದಾಗ ನಮ್ಮದರಲ್ಲಿ ಪೆಟ್ರೋಲ್ ಹರಿಯುತ್ತಿರಲಿಲ್ಲ, ಆದಷ್ಟು ನೆಟ್ಟಗೆ ನಿಲ್ಲಿಸಿ. ಪೆಟ್ರೋಲ್ ಹತ್ತು ಹದಿನೈದು ದಿನಕ್ಕೆ ಆಗುವಷ್ಟೇ ತರುತ್ತೇವೆ, ಬಿಗಿ ಮುಚ್ಚಳದ ಲೋಹದ ಕ್ಯಾನಿನಲ್ಲಿ.

ಮಧ್ಯೆ ಒಂದು ತಮಾಷೆ. ಹಿತ್ತಾಳೆ ಜೆಟ್ಟನ್ನು ಹುಣಸೆ ನೀರಿನಲ್ಲಿ ರಾತ್ರಿ ನೆನೆಹಾಕಿ ನೋಡಿದೆ. ಬೆಳಗ್ಗೆ ಹಬ್ಬಕ್ಕೆ ತಿಕ್ಕಿದ ದೀಪದ ಹಾಗೆ ಹೊಳೆಯುತ್ತಿತ್ತು. ಅದೇ ನೀರಿಗೆ ಅಲ್ಯೂಮಿನಿಯಂ ಬಾಡಿ ಹಾಕಿದರೆ ಕಪ್ಪಾಗುತ್ತದೆ, ಅದು ಬೇಡ. ತೂತಿಗೆ ಪಿನ್ನು ಚುಚ್ಚಬೇಡಿ, ಅಗಲ ಆಗುತ್ತದೆ. ಮೆತ್ತನೆ ವೈರಿನ ಒಂದು ತಾಮ್ರದ ಎಳೆ ಸಾಕು.

ಹೆಗಲಿಗೆ ಹಾಕಿಕೊಂಡು ಕಳೆ ಕತ್ತರಿಸುವ ಬ್ರಷ್ ಕಟರ್‌ಗೆ ಈ ಉಪಾಯ ಹೊಂದುವುದಿಲ್ಲ. ನಮ್ಮವು ಡಯಾಫ್ರಮ್ ಕಾರ್ಬೊರೇಟರ್, ಬೌಲೇ ಇಲ್ಲ, ಪೆಟ್ರೋಲ್ ಬಿಡುವುದು ಡಯಾಫ್ರಮ್ ಅನ್ನುವ ತೆಳು ಪೊರೆ. ಟ್ಯಾಂಕ್ ಬರಿದು ಮಾಡಿ, ಪ್ರೈಮರ್ ಬಲ್ಬ್ (ಪೆಟ್ರೋಲ್ ಎಳೆಯಲು ಬೆರಳಲ್ಲಿ ಒತ್ತುವ ಗುಳ್ಳೆ) ಒತ್ತಿ ಒತ್ತಿ, ನಿಲ್ಲುವ ತನಕ ಓಡಿಸುತ್ತೇನೆ. ಆದರೂ ಡಯಾಫ್ರಮ್ ಗಟ್ಟಿಯಾಗುತ್ತಿದೆ. ಕಿಟ್‌ಗೆ 150 ಕೊಟ್ಟು ವರ್ಷಕ್ಕೊಮ್ಮೆ ಬದಲಾಯಿಸುವುದು ಇನ್ನೂ ತಪ್ಪಿಲ್ಲ.