ಒಂದೇ ಕಾಗುಣಿತ, ಎರಡು ಉಚ್ಚಾರಣೆ: ಇಂಗ್ಲಿಷ್ ಪದಗಳನ್ನು ಸರಿಯಾಗಿ ಓದುವ ಬಗೆ

ಎಲ್, ಇ, ಎ, ಡಿ ಎಂಬ ನಾಲ್ಕು ಅಕ್ಷರಗಳನ್ನು ಒಟ್ಟಿಗೆ ಕಂಡಾಗ ಅವನ್ನು ಹೇಗೆ ಓದಬೇಕೆಂದು ಆ ಅಕ್ಷರಗಳಷ್ಟರಿಂದಲೇ ತಿಳಿಯುವುದಿಲ್ಲ. ಮುನ್ನಡೆಸುವುದು ಎಂಬ ಅರ್ಥವಿದ್ದರೆ ಅದು ‘ಲೀಡ್’, ಸೀಸವೆಂಬ ಲೋಹವಾಗಿದ್ದರೆ ‘ಲೆಡ್’. ಬರೆದಂತೆಯೇ ಓದುವ ಕನ್ನಡದಲ್ಲಿ ಬೆಳೆದವರಿಗೆ ಇದು ವಿಚಿತ್ರವೆನಿಸುವುದು ಸಹಜ. ಇಂಥ ಪದಗಳ ಉದ್ದನೆಯ ಪಟ್ಟಿಯೊಂದನ್ನು ಬಾಯಿಪಾಠ ಮಾಡುವುದೇ ದಾರಿಯೆಂದು ಹಲವರು ನಂಬುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ವಾಕ್ಯದಲ್ಲಿ ಪದವು ನಾಮಪದವಾಗಿ ನಿಂತಿದೆಯೋ ಕ್ರಿಯಾಪದವಾಗಿ ನಿಂತಿದೆಯೋ ಎಂಬುದನ್ನು ಮೊದಲು ನೋಡುವ ಅಭ್ಯಾಸವಾದರೆ ಬಹುಪಾಲು ಪದಗಳ ಉಚ್ಚಾರಣೆ ತಾನಾಗಿ ಸಿಗುತ್ತದೆ; ಉಳಿದ ಕೆಲವನ್ನಷ್ಟೇ ನೆನಪಿಟ್ಟುಕೊಂಡರೆ ಸಾಕು.

ಈ ತೊಡಕಿಗೆ ಒಂದು ಚರಿತ್ರೆಯಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಸ್ಥಿರಗೊಳ್ಳತೊಡಗಿತು. ಆದರೆ ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರಣೆ ಬದಲಾಗುತ್ತಲೇ ಇದ್ದುದರಿಂದ ಮಾತು ಮುಂದೆ ಸಾಗಿ ಬರಹ ಹಿಂದುಳಿಯಿತು. ಸಂಬಂಧವೇ ಇಲ್ಲದ ಎರಡು ಹಳೆಯ ಪದಗಳು ಕಾಲಕ್ರಮದಲ್ಲಿ ಒಂದೇ ಕಾಗುಣಿತಕ್ಕೆ ಬಂದು ಸೇರಿದ್ದೂ ಉಂಟು. ‘ಲೀಡ್’ ಮತ್ತು ‘ಲೆಡ್’ ಅಂಥ ಜೋಡಿ.

ಮೊದಲು ಕಲಿಯಬೇಕಾದದ್ದು ಒತ್ತಿನ ನಿಯಮ. ಒತ್ತು ಎಂದರೆ ಇಲ್ಲಿ ಒತ್ತಕ್ಷರವಲ್ಲ, ಪದದ ಒಂದು ಭಾಗವನ್ನು ಉಳಿದ ಭಾಗಕ್ಕಿಂತ ಬಲವಾಗಿ ಹೇಳುವುದು. ಎರಡು ಉಚ್ಚಾರಾಂಶಗಳುಳ್ಳ ಅನೇಕ ಪದಗಳು ನಾಮಪದವಾದಾಗ ಮೊದಲ ಭಾಗಕ್ಕೂ ಕ್ರಿಯಾಪದವಾದಾಗ ಎರಡನೆಯ ಭಾಗಕ್ಕೂ ಒತ್ತನ್ನು ಪಡೆಯುತ್ತವೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಗಮನಿಸುವುದಿಲ್ಲ. ಆದರೆ ಒತ್ತು ತಪ್ಪಿದ ಭಾಗದ ಸ್ವರ ಸೊರಗುತ್ತದೆ, ಆ ಸೊರಗನ್ನು ನಮ್ಮ ಕಿವಿ ಚೆನ್ನಾಗಿಯೇ ಹಿಡಿಯಬಲ್ಲದು. ದಾಖಲೆ ಎಂಬ ನಾಮಪದ ‘ರೆಕರ್ಡ್’. ದಾಖಲಿಸು ಎಂಬ ಕ್ರಿಯಾಪದ ‘ರಿಕಾರ್ಡ್’. ನಡತೆ ‘ಕಾಂಡಕ್ಟ್’, ನಡೆಸು ಎಂದಾದರೆ ‘ಕಂಡಕ್ಟ್’. ವಸ್ತು ‘ಆಬ್ಜೆಕ್ಟ್’, ಆಕ್ಷೇಪಿಸು ಎಂದಾದರೆ ‘ಅಬ್ಜೆಕ್ಟ್’. ಮರುಭೂಮಿ ‘ಡೆಜ಼ರ್ಟ್’, ತೊರೆದುಹೋಗು ಎಂದಾದರೆ ‘ಡಿಜ಼ರ್ಟ್’. ಒಳಗಿರುವ ವಿಷಯ ‘ಕಾಂಟೆಂಟ್’. ತೃಪ್ತಿಯನ್ನು ಹೇಳುವ ವಿಶೇಷಣ ‘ಕಂಟೆಂಟ್’. ಇಂಪೋರ್ಟ್, ಇನ್‌ಸಲ್ಟ್, ಇನ್‌ಕ್ರೀಸ್ ಮೊದಲಾದವುಗಳಲ್ಲಿ ಸ್ವರ ಅಷ್ಟಾಗಿ ಬದಲಾಗದೆ ಒತ್ತು ಮಾತ್ರ ಜಾಗ ಬದಲಿಸುತ್ತದೆ.

ಪದ ಯಾವ ಪಾತ್ರದಲ್ಲಿದೆ ಎಂದು ತಿಳಿಯಲು ಅದರ ಹಿಂದಿನ ಪದವನ್ನು ನೋಡಬೇಕು. ‘ಎ’, ‘ದಿ’, ‘ಮೈ’, ‘ದಿಸ್’ ಮುಂತಾದವು ಇದ್ದರೆ ಮುಂದೆ ಬರುವುದು ಸಾಮಾನ್ಯವಾಗಿ ನಾಮಪದ. ‘ವಿಲ್’, ‘ಕ್ಯಾನ್’, ‘ಮಸ್ಟ್’ ಇದ್ದರೆ ಕ್ರಿಯಾಪದ. ‘ಶಿ ವಿಲ್ ರಿಕಾರ್ಡ್ ಎ ನ್ಯೂ ರೆಕರ್ಡ್’ ಎಂಬ ವಾಕ್ಯವನ್ನು ನಾಲ್ಕಾರು ಬಾರಿ ಗಟ್ಟಿಯಾಗಿ ಹೇಳಿಕೊಂಡರೆ ವ್ಯತ್ಯಾಸ ನಾಲಿಗೆಗೆ ಒಗ್ಗುತ್ತದೆ. ಆದರೆ ಈ ನಿಯಮವನ್ನು ಎಲ್ಲ ಪದಗಳಿಗೂ ಹಚ್ಚಬಾರದು. ರಿಪೋರ್ಟ್, ಸಪೋರ್ಟ್, ಕಂಟ್ರೋಲ್, ರಿಸ್ಪೆಕ್ಟ್ ಇವುಗಳಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಒತ್ತು ಎರಡನೆಯ ಭಾಗದ ಮೇಲೆಯೇ ಇರುತ್ತದೆ. ಪ್ರಾಮಿಸ್, ವಿಜ಼ಿಟ್, ಆನ್ಸರ್ ಇವುಗಳಲ್ಲಿ ಎರಡಕ್ಕೂ ಮೊದಲ ಭಾಗದ ಮೇಲೆ. 1570ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಪದಕೋಶದಲ್ಲಿ ಹೀಗೆ ಒತ್ತು ಬದಲಿಸುವ ಜೋಡಿಗಳು ಮೂರೇ ಇದ್ದವು: ಔಟ್‌ಲಾ, ರೆಬೆಲ್ ಮತ್ತು ರೆಕಾರ್ಡ್. ಇಂದು ಅವುಗಳ ಸಂಖ್ಯೆ ನೂರನ್ನು ದಾಟಿದೆ.

ಎರಡನೆಯ ಗುಂಪು ಎ, ಟಿ, ಇ ಎಂಬ ಮೂರು ಅಕ್ಷರಗಳಿಂದ ಕೊನೆಗೊಳ್ಳುವ ಪದಗಳದು. ಕ್ರಿಯಾಪದವಾದರೆ ಕೊನೆಯ ಭಾಗವನ್ನು ‘ಏಟ್’ ಎಂದು ಪೂರ್ತಿಯಾಗಿ ಹೇಳಬೇಕು. ನಾಮಪದ ಅಥವಾ ವಿಶೇಷಣವಾದರೆ ‘ಅಟ್’ ಎಂದು ತೇಲಿಸಿ ಬಿಡಬೇಕು. ಬೇರ್ಪಡಿಸು ಎಂಬುದು ‘ಸೆಪರೇಟ್’, ಪ್ರತ್ಯೇಕ ಎಂಬುದು ‘ಸೆಪ್ರಟ್’. ಅಂದಾಜು ಮಾಡು ಎಂಬುದು ‘ಎಸ್ಟಿಮೇಟ್’, ಅಂದಾಜು ಎಂಬುದು ‘ಎಸ್ಟಿಮಟ್’. ಇಲ್ಲಿ ನಮಗೊಂದು ವಿಶೇಷ ಅಡಚಣೆಯಿದೆ. ಎಸ್ಟಿಮೇಟ್, ಗ್ರಾಜುಯೇಟ್, ಅಡ್ವೊಕೇಟ್ ಎಂಬ ನಾಮಪದಗಳು ‘ಏಟ್’ ಎಂಬ ಪೂರ್ಣ ರೂಪದಲ್ಲಿಯೇ ಕನ್ನಡಕ್ಕೆ ಬಂದು ನೆಲೆಸಿವೆ. ಕನ್ನಡ ಮಾತಿನಲ್ಲಿ ಅವು ಹಾಗೆಯೇ ಇರಲಿ, ಅವು ಈಗ ನಮ್ಮವು. ಇಂಗ್ಲಿಷ್ ವಾಕ್ಯವನ್ನು ಹೇಳುವಾಗ ಮಾತ್ರ ನಾಮಪದದ ಕೊನೆಯನ್ನು ಮೊಟಕುಗೊಳಿಸಬೇಕು.

ಮೂರನೆಯ ಗುಂಪಿನಲ್ಲಿ ಸ್ವರ ಬದಲಾಗುವುದಿಲ್ಲ, ಕೊನೆಯ ವ್ಯಂಜನ ಬದಲಾಗುತ್ತದೆ. ಬಳಕೆ ‘ಯೂಸ್’, ಬಳಸು ‘ಯೂಜ಼್’; ಮನೆ ‘ಹೌಸ್’, ಆಶ್ರಯ ಕೊಡು ‘ಹೌಜ಼್’; ಹತ್ತಿರ ‘ಕ್ಲೋಸ್’, ಮುಚ್ಚು ‘ಕ್ಲೋಜ಼್’. ಇಲ್ಲಿ ಚುಕ್ಕೆಯಿಟ್ಟು ಬರೆದ ಜ಼ಕಾರವನ್ನು ಹೇಳುವಾಗ ನಾಲಿಗೆ ಸಕಾರದ ಸ್ಥಾನದಲ್ಲಿಯೇ ಇರಬೇಕು, ಗಂಟಲು ಮಾತ್ರ ಕಂಪಿಸಬೇಕು. ಕತ್ತಿನ ಮೇಲೆ ಬೆರಳಿಟ್ಟು ಪರೀಕ್ಷಿಸಿದರೆ ಕಂಪನ ಸ್ಪಷ್ಟವಾಗಿ ತಿಳಿಯುತ್ತದೆ. ಹಿಂದಿನ ರೂಢಿಯನ್ನು ಹೇಳುವಾಗ ಬರುವ ‘ಯೂಸ್ಟ್ ಟು’ ಎಂಬುದರಲ್ಲಿ ಈ ಕಂಪನವಿಲ್ಲ. ಬಳಸಿದ ಎಂಬರ್ಥದ ‘ಯೂಜ಼್ಡ್’ ಎಂಬುದರಲ್ಲಿ ಇದೆ.

ಉಳಿದವನ್ನು ಅರ್ಥದೊಂದಿಗೇ ಕಲಿಯಬೇಕು. ಗಾಳಿ ‘ವಿಂಡ್’, ಸುತ್ತು ‘ವೈಂಡ್’. ಸುತ್ತಿದ ಎಂಬುದು ‘ವೌಂಡ್’, ಅದೇ ಕಾಗುಣಿತದ ಗಾಯ ‘ವೂಂಡ್’. ಕಣ್ಣೀರು ‘ಟಿಯರ್’, ಹರಿ ಎಂಬುದು ‘ಟೇರ್’. ಬಿಲ್ಲು ‘ಬೋ’, ತಲೆಬಾಗು ‘ಬೌ’. ಸಾಲು ‘ರೋ’, ಜಗಳ ‘ರೌ’. ನಿಮಿಷ ‘ಮಿನಿಟ್’, ಅತಿಸೂಕ್ಷ್ಮ ‘ಮೈನ್ಯೂಟ್’. ಓದು ಎಂಬ ಕ್ರಿಯಾಪದ ವರ್ತಮಾನದಲ್ಲಿ ‘ರೀಡ್’, ಭೂತಕಾಲದಲ್ಲಿ ‘ರೆಡ್’. ಕರ್ತೃ ‘ಹಿ’ ಅಥವಾ ‘ಶಿ’ ಆಗಿದ್ದು, ಹಿಂದೆ ಸಹಾಯಕ ಕ್ರಿಯಾಪದವಿಲ್ಲದೆ ಪದದ ಕೊನೆಯಲ್ಲಿ ಎಸ್ ಅಕ್ಷರವೂ ಇಲ್ಲದಿದ್ದರೆ ಅದನ್ನು ಸಂಶಯವಿಲ್ಲದೆ ‘ರೆಡ್’ ಎಂದೇ ಓದಬಹುದು.

ನಿಘಂಟನ್ನು ನೋಡುವಾಗ ಒಂದು ಎಚ್ಚರಿಕೆ ಬೇಕು. ಉಚ್ಚಾರಣೆಯನ್ನು ಕೇಳಿಸುವ ನಿಘಂಟುಗಳಲ್ಲಿ ಹೆಚ್ಚಿನವರು ಮೊದಲು ಕಾಣುವ ಧ್ವನಿಯನ್ನಷ್ಟೇ ಕೇಳಿ ಪುಟ ಮುಚ್ಚುತ್ತಾರೆ. ಅದು ನಾಮಪದದ್ದಾಗಿದ್ದು, ನಿಮಗೆ ಬೇಕಾದ ಕ್ರಿಯಾಪದ ಕೆಳಗೆ ಪ್ರತ್ಯೇಕವಾಗಿ ಇರಬಹುದು. ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಕೇಳಿ. ಅಕ್ಷರಗಳ ನಡುವೆ ಮೇಲ್ಗಡೆ ಕಾಣುವ ಸಣ್ಣ ಲಂಬ ಗೆರೆಯೇ ಒತ್ತಿನ ಗುರುತು. ಅದರ ನಂತರ ಬರುವ ಭಾಗವನ್ನು ಒತ್ತಿ ಹೇಳಬೇಕು. ಸಭೆಯಲ್ಲಿ ಓದಬೇಕಾದ ಬರಹವಾದರೆ ಹಿಂದಿನ ದಿನವೇ ಮೌನವಾಗಿ ಓದಿ, ಇಂಥ ಪ್ರತಿಯೊಂದು ಪದದ ಮೇಲೂ ಪೆನ್ಸಿಲಿನಿಂದ ಅದೇ ಗೆರೆಯನ್ನು ಎಳೆದಿಟ್ಟುಕೊಳ್ಳಿ.