ಮೋಟಾರಿನ ವೇಗಕ್ಕೆ ತಕ್ಕ ಆಯಿಲ್ ಪಂಪು: ಒಂದು ಡೀಸೆಲ್ ಬರ್ನರ್‌ನ ಅನುಭವ

ಪೀಣ್ಯದ ಲಾಂಡ್ರಿಯೊಂದರ ಬಾಯ್ಲರ್‌ಗೆ ಜೋಡಿಸಿದ್ದ ಡೀಸೆಲ್ ಬರ್ನರ್‌ನಲ್ಲಿ ಪಂಪು ಕೀರಲು ಸದ್ದು ಮಾಡುತ್ತಿತ್ತು, ಶಾಫ್ಟ್ ಸೀಲಿನಿಂದ ಎಣ್ಣೆ ಜಿನುಗುತ್ತಿತ್ತು, ಜ್ವಾಲೆ ಆಗಾಗ ಅದುರುತ್ತಿತ್ತು. ಪ್ರೆಷರ್ ಗೇಜು ಮಾತ್ರ 10 ಬಾರ್ ತೋರಿಸುತ್ತಿದ್ದುದರಿಂದ ಪಂಪು ಸರಿಯಾಗಿಯೇ ಇದೆಯೆಂದು ಅಲ್ಲಿಯವರು ನಂಬಿದ್ದರು. ಎಣ್ಣೆಯನ್ನು ಸಿಂಪಡಿಸುವ ನಾಜಲ್‌ಗೆ ಹೋಗುವ ಒತ್ತಡವನ್ನು ಕಾಯುವುದು ಪಂಪಿನೊಳಗಿನ ರೆಗ್ಯುಲೇಟರ್. ಗೇರುಗಳು ಬೇಕಾದ್ದಕ್ಕಿಂತ ಎಷ್ಟು ಹೆಚ್ಚು ಎಣ್ಣೆ ತಳ್ಳಿದರೂ ಮಿಕ್ಕದ್ದು ರಿಟರ್ನ್ ಪೈಪಿಗೆ ಸಾಗುವುದರಿಂದ, ವೇಗದ ವ್ಯತ್ಯಾಸ ಆ ಗೇಜಿನಲ್ಲಿ ಕಾಣುವುದಿಲ್ಲ.

ವಿದ್ಯುತ್ ಬಂದ್ ಮಾಡಿಸಿ ಎರಡೂ ನಾಮಫಲಕಗಳನ್ನು ಒರೆಸಿ ಓದಿದೆ. ಮೋಟಾರು 2 ಪೋಲಿನದು (ಎರಡು ಕಾಂತ ಧ್ರುವಗಳದು), 2,850 ಆರ್‌ಪಿಎಂ. ಹಿಂದಿನ ರಿಪೇರಿಯಲ್ಲಿ ಕೂರಿಸಿದ್ದ ಪಂಪು 1,450 ಆರ್‌ಪಿಎಂಗೆ ತಯಾರಾದದ್ದು. ಅಂದರೆ ಅದು ತನ್ನ ವೇಗದ ಸುಮಾರು ಎರಡರಷ್ಟು ತಿರುಗುತ್ತಿತ್ತು. ಟ್ಯಾಂಕು ಕೆಳಗಿತ್ತು, ಎಣ್ಣೆ ಎಳೆಯಲು ಒಂದು (ಸಕ್ಷನ್), ಮಿಕ್ಕದ್ದನ್ನು ಟ್ಯಾಂಕಿಗೆ ಮರಳಿಸಲು ಇನ್ನೊಂದು (ರಿಟರ್ನ್), ಹೀಗೆ ಎರಡು ಪೈಪಿನ ವ್ಯವಸ್ಥೆಯಾದ್ದರಿಂದ ಗೇರುಗಳು ಎತ್ತುವ ಎಣ್ಣೆಯೆಲ್ಲವೂ ಸಕ್ಷನ್ ಪೈಪಿನಲ್ಲೇ ಬರಬೇಕಿತ್ತು. ಆ ಪೈಪಿನ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜು ಹಾಕಿದಾಗ ಮುಳ್ಳು 10 ಇಂಚು ಪಾದರಸವನ್ನು ದಾಟಿತು. ಅಷ್ಟು ಎಳೆತಕ್ಕೆ ಎಣ್ಣೆಯಲ್ಲಿ ಕರಗಿರುವ ಗಾಳಿ ಗುಳ್ಳೆಯಾಗಿ ಬೇರ್ಪಡುತ್ತದೆ. ಸದ್ದಿಗೂ ಜ್ವಾಲೆಯ ಅದುರುವಿಕೆಗೂ ಅದೇ ಕಾರಣ.

ಪಂಪು ದುಬಾರಿ, 1,440ರ ಮೋಟಾರನ್ನೇ ಹಾಕಬಾರದೇ ಎಂದು ಮಾಲೀಕರು ಕೇಳಿದರು. ಲೆಕ್ಕಕ್ಕೆ ಸರಿಯೆನಿಸುವ ಈ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ಜ್ವಾಲೆಗೆ ಗಾಳಿ ಊದುವ ಬ್ಲೋವರ್ ಚಕ್ರವೂ ಅದೇ ಮೋಟಾರಿನ ಶಾಫ್ಟಿನ ಮೇಲಿದೆ: ವೇಗ ಅರ್ಧವಾದರೆ ಗಾಳಿಯ ಪ್ರಮಾಣ ಅರ್ಧಕ್ಕೂ ಅದರ ಒತ್ತಡ ಕಾಲು ಭಾಗಕ್ಕೂ ಇಳಿದು, ಅದೇ ನಾಜಲ್‌ನ ಎಣ್ಣೆ ಮಸಿಯಾಗಿ ಟ್ಯೂಬುಗಳಿಗೆ ಮೆತ್ತಿಕೊಳ್ಳುತ್ತದೆ. ತಿರುವುಮುರುವಾಗಿ, ನಿಧಾನದ ಬರ್ನರ್‌ಗೆ ವೇಗದ ಮೋಟಾರು ಹಾಕಿದರೆ ಫ್ಯಾನು ಬೇಡುವ ಶಕ್ತಿ ಎಂಟು ಪಟ್ಟಾಗಿ ಮೋಟಾರೇ ಸುಡಬಹುದು. ಹೀಗಾಗಿ ಮೋಟಾರಿಗೆ ತಕ್ಕಂತೆ ಪಂಪನ್ನು ಆರಿಸುವುದೇ ನನ್ನ ಕ್ರಮ.

ಹೊಸ ಪಂಪು ಕೊಳ್ಳುವಾಗ ವೇಗದ ಜೊತೆಗೆ ಶಾಫ್ಟಿನ ತುದಿಯಿಂದ ನೋಡಿದ ತಿರುಗುವ ದಿಕ್ಕು, ಶಾಫ್ಟಿನ ದಪ್ಪ, ನಾಜಲ್ ಪೋರ್ಟಿನ ಸ್ಥಾನ ಇವನ್ನೂ ಹೊಂದಿಸಿದೆ. (ಅಮೆರಿಕದ ಪಂಪಿನ ಮೇಲೆ 3,450 ಎಂದಿದ್ದರೆ ಗಾಬರಿ ಬೇಡ, ಅದು 60 ಹರ್ಟ್ಸ್‌ನ 2 ಪೋಲ್ ಮೋಟಾರಿನ ವೇಗ, ನಮ್ಮ 50 ಹರ್ಟ್ಸ್‌ನಲ್ಲಿ ಸುಮಾರು 2,850 ಆಗುತ್ತದೆ, ಎಣ್ಣೆ ಎತ್ತುವ ಸಾಮರ್ಥ್ಯವೂ ಆ ಪ್ರಮಾಣದಲ್ಲಿ ಇಳಿಯುತ್ತದೆ.) ಎರಡು ಪೈಪಿಗೆ ಬೇಕಾದ ಬೈಪಾಸ್ ಪ್ಲಗ್ (ಮಿಕ್ಕ ಎಣ್ಣೆಯನ್ನು ರಿಟರ್ನ್ ಪೈಪಿಗೆ ತಿರುಗಿಸುವ ತಿರುಪು) ಕೂರಿಸಿ, ಮೋಟಾರನ್ನೂ ಪಂಪನ್ನೂ ಜೋಡಿಸುವ, ಎಣ್ಣೆ ಬಿದ್ದು ಮೆತ್ತಗಾಗಿದ್ದ ಕಪ್ಲಿಂಗನ್ನೂ ಬದಲಿಸಿ, ಗಾಳಿ ತೆಗೆದು ಬರ್ನರ್ ಹಚ್ಚಿದೆ. ವ್ಯಾಕ್ಯೂಮ್ ಮಿತಿಯೊಳಗೆ ಬಂತು. ಒತ್ತಡವನ್ನು ಮತ್ತೆ 10 ಬಾರ್‌ಗೆ ಹೊಂದಿಸಿದ ಮೇಲೆ ಹೊಗೆ ಪರೀಕ್ಷೆ ಮಾಡಿ ಗಾಳಿಯ ಡ್ಯಾಂಪರನ್ನು ಸರಿಪಡಿಸಿದೆ.