ವೈಬ್ರಫೋನ್, ಕೋಂಗಾ, ಕೊಟೊ: ಒಂದೇ ಶ್ರುತಿಗೆ ತಂದ ನನ್ನ ಅನುಭವ

ಚ-ಚ-ಚಾ ಎಂಬ ಕ್ಯೂಬನ್ ನೃತ್ಯ ಲಯದ ಮೇಲೆ ಜಪಾನಿ ಸ್ವರ ಕೂರೋದಿಲ್ಲ ಅಂದವರೇ ಹೆಚ್ಚು. 1963ರಲ್ಲಿ ವೈಬ್ರಫೋನ್ ವಾದಕ ಕಾಲ್ ಜೇಡರ್ ಮತ್ತು ಸಂಗೀತ ಸಂಯೋಜಕ ಲಾಲೊ ಶಿಫ್ರಿನ್ ವರ್ವ್ ರೆಕಾರ್ಡ್ ಕಂಪನಿಗೆ ಇಂಥದ್ದೇ ಆಲ್ಬಮ್ ಮಾಡಿದ್ದರು. ಅವರ ಬೆನ್ನಿಗೆ ದೊಡ್ಡ ಆರ್ಕೆಸ್ಟ್ರಾ ಇತ್ತು. ನಾನು ಓಕ್ಲೆಂಡಿನಲ್ಲಿ ನನ್ನ ಆಲ್ಬಮ್ಮನ್ನು ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಹೊಡೆದು ನುಡಿಸುವ ವಾದ್ಯ), ಬಾಸ್, ಕೋಂಗಾ (ಕೈಯಿಂದ ಬಡಿಯುವ ಕ್ಯೂಬನ್ ಡ್ರಮ್), ಕೊಟೊ (ಜಪಾನಿ ತಂತಿವಾದ್ಯ), ಶಾಕುಹಾಚಿ (ಜಪಾನಿ ಬಿದಿರಿನ ಕೊಳಲು), ಇಷ್ಟರಲ್ಲೇ ಮುಗಿಸಿದೆ. ಒಟ್ಟು ಸುಮಾರು 9,000 ಡಾಲರ್. ಅರ್ಧಕ್ಕಿಂತ ಹೆಚ್ಚು ವಾದಕರಿಗೇ ಹೋಯಿತು.

ದುಡ್ಡು ನುಂಗುವುದು ಶ್ರುತಿ. ವೈಬ್ರಫೋನಿನ ಪಟ್ಟಿಗಳು ಸಾಮಾನ್ಯವಾಗಿ 442ಕ್ಕೆ (ಎ ಸ್ವರ ಸೆಕೆಂಡಿಗೆ 442 ಕಂಪನ) ಕಡೆದು ಬಂದಿರುತ್ತವೆ, ನಮ್ಮ ಶಾಕುಹಾಚಿ 440ಕ್ಕೆ ಇತ್ತು. ವ್ಯತ್ಯಾಸ 8 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಮೆಟ್ಟಿಲಿನ ನೂರನೇ ಒಂದು ಪಾಲು) ಅಷ್ಟೇ. ಆದರೂ ಉದ್ದ ಸ್ವರದಲ್ಲಿ ಅಲೆ ಎದ್ದು, ವೈಬ್ರಫೋನಿನ ಕೊಳವೆಗಳ ಬಾಯಲ್ಲಿ ಫ್ಯಾನ್ ತಿರುಗಿಸುವ ಮೋಟರಿನ ಅಲೆಗೆ ಡಿಕ್ಕಿ ಹೊಡೆಯುತ್ತೆ. ಒಂದು ಮೈಕಿನೊಳಗೆ ಇನ್ನೊಂದರ ನಾದ ನುಗ್ಗಿರುವಾಗ ಮಿಕ್ಸಿಂಗ್‌ನಲ್ಲಿ ಅದನ್ನು ತಿದ್ದಲಾಗದು. ಮೊದಲ ಸೆಷನ್ನಿನ ಸುಮಾರು 1,800 ಡಾಲರ್ ಹೀಗೇ ಕರಗಿತು. ಪರಿಹಾರ ಹೀಟರ್. ಕೋಣೆ ಒಂದು ಡಿಗ್ರಿ ಬೆಚ್ಚಗಾದರೆ ಬಿದಿರಿನ ಕೊಳಲು ಹೆಚ್ಚುಕಮ್ಮಿ 3 ಸೆಂಟ್ ಏರುತ್ತೆ. ಮೂರು ಡಿಗ್ರಿ ಏರಿಸಿ, ಸಣ್ಣ ಹೊಂದಾಣಿಕೆಯನ್ನು ವಾದಕನ ತುಟಿಗೆ ಬಿಟ್ಟೆ. ಕೊಟೊ ಸಲೀಸು, 13 ಕುದುರೆ ಸರಿಸಿದರೆ ಆಯಿತು.

ಆಧಾರ ಡಿ, ಯಾಕೆಂದರೆ 1.8 ಶಾಕು (ಜಪಾನಿನ ಉದ್ದದ ಅಳತೆ) ಶಾಕುಹಾಚಿಯ ತಳಸ್ವರ ಅದೇ. ಮಾಯಾಮಾಳವಗೌಳದಿಂದ ಗ, ನಿ ಕಿತ್ತರೆ ಉಳಿಯುವ ಸ ರಿ ಮ ಪ ದ ನಾನು ಬಳಸಿದ ಜಪಾನಿ ಐದು ಸ್ವರಗಳೇ. ಕೋಂಗಾವನ್ನು ಡಿ, ಟುಂಬಾವನ್ನು (ದೊಡ್ಡ ಕೋಂಗಾ) ಕೆಳಗಿನ ಎ ಸ್ವರಕ್ಕೆ ಬಿಗಿದರೆ ಸ-ಪ ಸಿಗುತ್ತೆ. ಕೋಂಗಾವನ್ನು ಸಿ ಸ್ವರದಲ್ಲೇ ಬಿಟ್ಟರೆ ಪ್ರತಿ ಬಡಿತವೂ ರಾಗದ ಹೊರಗೆ ಬೀಳುತ್ತೆ. ಕ್ಲಾವೆ (ಒಂದು ಬದಿ ಎರಡು, ಇನ್ನೊಂದು ಬದಿ ಮೂರು ಬಡಿತ ಇರುವ ಕ್ಯೂಬನ್ ಲಯದ ಚೌಕಟ್ಟು) 2-3 ಇರಲಿ: ಸಮದಿಂದ ಹೊರಡುವ ಸಾಲುಗಳು ಎರಡರ ಬದಿಯಲ್ಲಿ ನೆಟ್ಟಗೆ ಕೂರುತ್ತವೆ. 3-2 ಇಟ್ಟಾಗ ಬಾಸ್ ಒಂದು ಕಡೆ, ಕೊಟೊ ಒಂದು ಕಡೆ.

ಮೋಟರ್ ರಾಗದ ಸಾಲಿಗೆ ಬೇಡ, ಹಿಡಿದ ಕಾರ್ಡ್‌ಗಳಿಗೆ ಮಾತ್ರ. ಫ್ಯಾನ್ ಒಂದು ಸುತ್ತಿಗೆ ಎರಡು ಸಲ ಕೊಳವೆ ತೆರೆಯುತ್ತೆ. ಹಾಗಾಗಿ ಲಯ ನಿಮಿಷಕ್ಕೆ 116 ಬಡಿತ ಇದ್ದರೆ ಮೋಟರೂ ನಿಮಿಷಕ್ಕೆ 116 ಸುತ್ತು, ಅಲೆ ಎಂಟನೇ ನೋಟಿನ (ಅರ್ಧ ಬಡಿತ) ಮೇಲೆ ಬರುತ್ತೆ. ಫ್ಯಾನಿಗೆ ಬಿಳಿ ಟೇಪ್ ಅಂಟಿಸಿ ಫೋನಿನ ಸ್ಲೋ ಮೋಷನ್ನಿನಲ್ಲಿ ಎಣಿಸಿ. ಹಳೇ ಬೆಲ್ಟ್ ಜಾರುತ್ತೆ, ಮೊದಲೇ ಬದಲಿಸಿ. ಮೊದಲ ಮಾತ್ರೆಗೇ ಫ್ಯಾನ್ ತೆರೆದಿರುವಂತೆ ಮಾಡುವ ಕೈಚಳಕ ನನ್ನಲ್ಲೇ ಇರಲಿ. ಕೇಳಿದ ಡ್ರಮ್ಮರುಗಳು ಮೋಟರನ್ನು ಕಂಪ್ಯೂಟರಿನಿಂದ ಓಡಿಸಿದ್ದೇನೆ ಅಂದುಕೊಂಡಿದ್ದಾರೆ.

ಜಾರು ಬೇಕಾದಲ್ಲಿ ಗಟ್ಟಿ ರಬ್ಬರ್ ಮ್ಯಾಲೆಟ್ಟನ್ನು (ಹೊಡೆಯುವ ಕೋಲು) ಪಟ್ಟಿಯ ದಾರದ ತೂತಿನ ಬಳಿ ಒತ್ತಿ ಹಿಡಿದು, ಇನ್ನೊಂದರಿಂದ ಹೊಡೆದು, ಒತ್ತಿದ್ದನ್ನು ನಡುವಿಗೆ ಎಳೆಯಬೇಕು. ಸ್ವರ ಹೆಚ್ಚೆಂದರೆ ಅರ್ಧ ಮೆಟ್ಟಿಲಿನ ಹತ್ತಿರಕ್ಕೆ ಇಳಿಯುತ್ತೆ, ಏರುವುದಿಲ್ಲ. ಕೆಳಗಿನ ಉದ್ದ ಪಟ್ಟಿಗಳಲ್ಲೇ ಚೆನ್ನ.

ಒಂದು ಹಾಡಿಗೆ ಕೊಟೊ ಬಿಟ್ಟು ಜಲತರಂಗದ ಪಿಂಗಾಣಿ ಬಟ್ಟಲು ಇಟ್ಟು ನೋಡಿದೆ. ನೀರು ಹಾಕಿ 442ಕ್ಕೆ ಇಳಿಸುವುದು ಸುಲಭ, ಆದರೆ ಮೇಲಿನ ಸ್ಥಾಯಿಯಲ್ಲಿ ಎರಡರ ಹೊಡೆತವೂ ಒಂದರೊಳಗೊಂದು ಮುಚ್ಚಿಹೋಗುತ್ತೆ. ಮೆತ್ತನೆ ನೂಲಿನ ಮ್ಯಾಲೆಟ್ ಹಿಡಿದು ವೈಬ್ರಫೋನನ್ನು ಒಂದು ಸ್ಥಾಯಿ ಕೆಳಗೆ ತಂದ ಮೇಲೆ ಬಟ್ಟಲುಗಳು ಬಿಡಿಬಿಡಿಯಾಗಿ ಕೇಳಿದವು. ಇಡೀ ಆಲ್ಬಮ್ಮಿನಲ್ಲಿ ನನಗೆ ಅತಿ ಇಷ್ಟದ ಹಾಡು ಅದು.